ನಾವು ಉಪವಾಸ ಎಂದುಕೊಂಡದ್ದು

ನನ್ನ ಮೈದುನನ ಹೆಂಡತಿ ಶ್ರಾವಣ ಸೋಮವಾರದ ಉಪವಾಸ ಹಿಡಿದಳು. ಶ್ರಾವಣ ಮುಗಿದರೂ ಬಿಡಲಿಲ್ಲ. ಹುಲಿಗೆಮ್ಮನ ಹೆಸರಿನಲ್ಲಿ ಮಂಗಳವಾರ ಸೇರಿತು, ಆಮೇಲೆ ಗುರುವಾರ, ಶುಕ್ರವಾರ. ನಸುಕಿನಲ್ಲೇ ಎದ್ದು ಮೈತೊಳೆದು ದೇವರ ಮುಂದೆ ಕೂರುತ್ತಿದ್ದಳು. ಗಂಗಾವತಿಯ ನಮ್ಮ ಓಣಿಯಲ್ಲೆಲ್ಲ ಅವಳ ಭಕ್ತಿಯದೇ ಮಾತು.

ಅತ್ತೆ ನನ್ನನ್ನು ಛೇಡಿಸುತ್ತಿದ್ದರು: "ಕಾನ್ವೆಂಟಿನ ಸೊಸಿ, ನೀನೂ ಒಂದಿನ ಹಸ್ಕೊಂಡಿರ ನೋಡೂಣು. ಹತ್ತು ಹೊಡಿಯೂದ್ರಾಗ ಅವಲಕ್ಕಿ ಡಬ್ಬಿ ಸಪ್ಪಳ ಆಗ್ತೈತಿ!"

ಎಲ್ಲರೂ ನಗುತ್ತಿದ್ದೆವು. ಅವಳು ಮಾತ್ರ ನಗುತ್ತಿರಲಿಲ್ಲ. ಅದು ನನಗೆ ಕಂಡಿತ್ತು. ಕುಪ್ಪಸದ ತೋಳು ಸಡಿಲಾದದ್ದು, ಹೂ ಮುಡಿಯುವುದನ್ನು ಬಿಟ್ಟದ್ದು, ಎದುರಿಗೇ ಹಾಲು ಉಕ್ಕಿದರೂ ನೋಡುತ್ತ ನಿಂತದ್ದು, ಎಲ್ಲವೂ ಕಂಡಿತ್ತು. ವ್ರತ ಹಿಡಿದವರು ಹೀಗೇ ಇರುತ್ತಾರೆ ಎಂದು ನಾನೇ ಅರ್ಥ ಹಚ್ಚಿಕೊಂಡೆ. ನಾಲ್ಕು ಜನರ ಮುಂದೆ ಅವಳನ್ನು ಹೊಗಳಿಯೂ ಇದ್ದೆ.

ಒಂದು ಮಧ್ಯಾಹ್ನ ಅವಳೇ ಹೇಳಿದಳು: "ಅಕ್ಕಾ, ಇದು ಉಪಾಸ ಅಲ್ರಿ. ನನಗ ಹಸಿವೇ ಆಗವಲ್ದು, ನಿದ್ದಿ ಹತ್ತವಲ್ದು. ಉಪಾಸ ಅಂದ್ರ ಯಾರೂ ತಿನ್ನು ಅಂತ ಗಂಟು ಬೀಳಂಗಿಲ್ಲ. ಬದುಕೂದ ಬ್ಯಾಡಾಗೈತ್ರಿ."

ಮರುದಿನವೇ ಕೊಪ್ಪಳದ ಮನೋವೈದ್ಯರ ಬಳಿ ಕರೆದೊಯ್ದೆ. ಊಟ, ನಿದ್ದೆ, ಮಾತು ಯಾವಾಗಿನಿಂದ ಬದಲಾದವು ಎಂದು ಅವರು ಕೇಳಿದರು. ನಾನು ಒಂದೂ ಬಿಡದೆ ಹೇಳಿದೆ.

"ಇದು ಖಿನ್ನತಿ ರೀ. ಔಷಧ ತಗೊಂಡ್ರ ಗುಣ ಆಗ್ತೈತಿ," ಎಂದರು ವೈದ್ಯರು. "ನೀವು ಭಾಳ ಛಲೋ ಗಮನಿಸೀರಿ."

"ನಮ್ಮ ಅಕ್ಕಾಗ ಎಲ್ಲಾ ಕಾಣ್ತೈತ್ರಿ," ಎಂದಳು ಅವಳು, ಅಭಿಮಾನದಿಂದಲೇ.

ನಾನು ತಲೆ ಎತ್ತಲಿಲ್ಲ.