ಮಂಜಿನೊಳಗೆ ಹೊರಟ ಕಾಲ್ನಡಿಗೆ ಬಸ್ಸು

ಮೂವತ್ತಾರು ವರ್ಷ ಬಸ್ಸು ಓಡಿಸಿದ ಡ್ರೈವರ್ ತಾತನಿಗೆ ಊರಿನ ಒಂದೊಂದು ಗುಂಡಿಯೂ ನಿಂತು ಮಾತಾಡಿಸುವಷ್ಟು ಪರಿಚಯ. ಹೊಸ ಗುಂಡಿ ಬಿದ್ದರೆ ಸುದ್ದಿ ಮೊದಲು ಮುಟ್ಟುತ್ತಿದ್ದದ್ದು ಅವರ ಸೊಂಟಕ್ಕೆ. ಅಂಥವರು ನಿವೃತ್ತರಾಗಿ ಮಗಳ ಮನೆ ಸೇರಿದ ಮೇಲೆ ದಾರಿ ತಪ್ಪಿದರು. ಅದೂ ಕಾಂಪೌಂಡಿನ ಒಳಗೆ.

ತಾತನನ್ನು ದೂರಿ ಫಲವಿಲ್ಲ. ಆಳೆತ್ತರದ ಗೋಡೆ, ಒಂದೇ ಗೇಟು, ಒಳಗೆ ಇನ್ನೂರ ಹನ್ನೆರಡು ಮನೆ. ಎಲ್ಲಕ್ಕೂ ಅದೇ ಕೆನೆ ಬಣ್ಣ, ಅದೇ ಕಂದು ಬಾಗಿಲು, ಅದೇ ಕುಂಡ. ಕುಂಡದ ಗಿಡದ ಎಲೆ ಎಣಿಸಿದರೂ ಲೆಕ್ಕ ಒಂದೇ ಬರುತ್ತಿತ್ತೇನೋ. ನಂಬರೂ ಇತ್ತು, ಅಂದ ಕೆಡಬಾರದೆಂದು ಇರುವೆಗಳು ಓದುವ ಅಳತೆಯಲ್ಲಿ.

ಸುಖಕ್ಕೇನೂ ಕಡಿಮೆ ಇರಲಿಲ್ಲ. ಹಾರ್ನಿಲ್ಲ, ಧೂಳಿಲ್ಲ, ಮಕ್ಕಳು ರಸ್ತೆಯ ನಟ್ಟನಡುವೆ ಮಲಗಿ ಚಿತ್ರ ಬರೆಯಬಹುದು. ಕಳ್ಳರ ಭಯವಿಲ್ಲದ್ದರಿಂದ ಹಗಲು ಯಾರೂ ಚಿಲಕ ಹಾಕುತ್ತಿರಲಿಲ್ಲ. ಅದೇ ಮುಳುವಾಯಿತು. ಒಂದು ಮಧ್ಯಾಹ್ನ ತಾತ ಯಾರದೋ ಮನೆಗೆ ಹೋಗಿ, ಚಪ್ಪಲಿ ಬಿಟ್ಟು, ಟಿವಿ ಹಾಕಿ, ಸೋಫಾದ ಮೇಲೆ ನಿದ್ದೆ ಹೋದರು. ಗಂಡನ ಕಡೆಯ ನೆಂಟರಿರಬೇಕೆಂದು ಮನೆಯಾಕೆ ಹೊದಿಕೆ ಹೊದಿಸಿದಳು. ಹೆಂಡತಿಯ ಕಡೆಯವರಿರಬೇಕೆಂದು ಗಂಡ ಟಿವಿ ಸದ್ದು ಇಳಿಸಿದ. ಇಬ್ಬರೂ ಕೂತು ವಿಚಾರಿಸಿಕೊಳ್ಳುವ ಹೊತ್ತಿಗೆ ತಾತನ ಗೊರಕೆ ಟಾಪ್ ಗೇರಿಗೆ ಬಂದಿತ್ತು.

ಸಂಜೆ ಮಗಳು ತೀರ್ಪು ಕೊಟ್ಟಳು.

"ಅಪ್ಪಾ, ಬೇಜಾರು ಮಾಡ್ಕೋಬೇಡ. ನಾಳೆಯಿಂದ ಪುಟ್ಟೀನ ಸ್ಕೂಲ್ ಬಸ್ಸಿಗೆ ನಾನೇ ಬಿಡ್ತೀನಿ."

"ಯಾಕೆ? ಗೇಟ್ ಯಾವತ್ತೂ ತಪ್ಪಿಲ್ವಲ್ಲ ನಾನು."

"ಗೇಟು ಒಂದೇ ಇದೆ. ಮನೆ ಇನ್ನೂರ ಹನ್ನೆರಡಿದೆ. ಅವಳನ್ನೂ ಕರ್ಕೊಂಡು ಯಾರ ಮನೇಲಿ ಮಲಗ್ತೀಯೋ ಏನೋ."

ಶಾಲೆಯ ಬಸ್ಸನ್ನು ಒಳಗೆ ಬಿಡುತ್ತಿರಲಿಲ್ಲ. ಮೊಮ್ಮಗಳ ಕೈ ಹಿಡಿದು ಗೇಟಿನವರೆಗೆ ನಡೆಯುವ ಹನ್ನೆರಡು ನಿಮಿಷವೇ ತಾತನಿಗೆ ಉಳಿದಿದ್ದ ಡ್ಯೂಟಿ. ಅದೂ ಹೋಯಿತು. ನಿವೃತ್ತಿಯ ದಿನವೂ ಊಟ ಬಿಡದ ಮನುಷ್ಯ ಅವತ್ತು ತಟ್ಟೆ ಸರಿಸಿ ಎದ್ದರು.

ವಾರ ಕಳೆದು ಒಂದು ಬೆಳಿಗ್ಗೆ ಮಂಜು ಬಿತ್ತು. ಎಂಥ ಮಂಜು ಅಂತೀರಿ, ಹಾರುತ್ತಿದ್ದ ಕಾಗೆಯೊಂದು ಗೋಡೆಯೆಂದು ತಿಳಿದು ಮಂಜಿನ ಮೇಲೇ ಕೂತುಬಿಟ್ಟಿತು. ಪುಟ್ಟಿಯನ್ನು ಕರೆದುಕೊಂಡು ಹೊರಟ ಮಗಳು ಹತ್ತು ಹೆಜ್ಜೆಗೇ ನಿಂತಳು. ಎಲ್ಲ ಕಡೆಯಿಂದ ಮಕ್ಕಳ, ಅಮ್ಮಂದಿರ ಕೂಗು. ಯಾರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ.

ತಡೆಯಲಾರದೆ ಹಿಂದೆ ಬಂದ ತಾತನೂ ನಿಂತರು. ಒಂದೇ ಥರದ ಬಾಗಿಲು, ಒಂದೇ ಥರದ ಗೋಡೆ, ಎಲ್ಲವನ್ನೂ ಯಾರೋ ಒರೆಸಿಹಾಕಿದ್ದರು. ಉಳಿದದ್ದರಲ್ಲಿ ಒಂದರಂತೆ ಇನ್ನೊಂದಿರಲಿಲ್ಲ. ಎಡಕ್ಕೆ ಸೋರುವ ನಲ್ಲಿ. ಅದರಾಚೆ ಕೆಮ್ಮುವ ನಾಯಿ. ಬಲಕ್ಕೆ ಸೀದ ಹಾಲಿನ ವಾಸನೆ, ಎದುರಿಗೆ ಹೊಲಿಗೆ ಯಂತ್ರದ ಕಟಕಟ, ಕಾಲಡಿಯಲ್ಲಿ ಅಲುಗುವ ಚರಂಡಿ ಮುಚ್ಚಳ. ಇಷ್ಟು ದಿನ ಮೋಸ ಹೋಗಿದ್ದು ಕಣ್ಣು ಮಾತ್ರ. ಕಿವಿ, ಮೂಗು, ಅಂಗಾಲು ಅವರಿಗೂ ಹೇಳದೆ ದಾರಿ ಕಲಿತುಬಿಟ್ಟಿದ್ದವು.

"ಎಲ್ಲರೂ ನಿಂತಲ್ಲೇ ಇರಿ," ಎಂದು ಕೂಗಿದರು. "ಬಸ್ಸು ಅಲ್ಲಿಗೇ ಬರುತ್ತೆ."

"ಯಾವ ಬಸ್ಸು ತಾತ?" ಯಾವುದೋ ಮಗು ಕೇಳಿತು.

"ನಾನೇ ಕಣೋ. ಪುಟ್ಟಿ, ನನ್ನ ಅಂಗಿ ಹಿಡ್ಕೋ. ನೀನು ಕಂಡಕ್ಟರು."

ಹಾಗೆ ಹೊರಟಿತು. ಮನೆ ಮನೆಯ ಮುಂದೆ ನಿಲ್ಲುವುದು, ಒಂದು ಮಗುವನ್ನು ಹತ್ತಿಸಿಕೊಳ್ಳುವುದು. ಮುಂದಿನವರ ಚೀಲ ಹಿಂದಿನವರ ಕೈಯಲ್ಲಿ. ಹತ್ತೊಂಬತ್ತು ಮಕ್ಕಳಾದರು. ನಡುವೆ ಸೆಕ್ಯುರಿಟಿಯವನೂ ಸಿಕ್ಕಿದ.

"ನೀನೇನಪ್ಪ ಇಲ್ಲಿ?"

"ಡ್ಯೂಟಿಗೆ ಹೊರಟಿದ್ದೆ ತಾತ. ಗೇಟೇ ಸಿಗ್ತಿಲ್ಲ."

"ಹತ್ತು, ಹತ್ತು."

ಬಾಲದ ತುದಿಯಲ್ಲಿ ಮಗಳು. "ಹಿಂದಿನ ಸೀಟಲ್ಲಿ ಕುಲುಕಾಟ ಜಾಸ್ತಿ, ಹುಷಾರು ತಾಯಿ," ಎಂದರು. ಅವಳು ಹಿಡಿದ ಚೀಲವನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಮೂರು ಉಬ್ಬು, ಎರಡು ತಿರುವು, ಒಂದು ಇಳಿಜಾರು. ತಾತ ನಿಂತು ಕೈ ಚಾಚಿದರು. ಗೇಟಿನ ತಣ್ಣನೆಯ ಕಂಬಿ ಅಂಗೈಗೆ ಬಂತು. ಅತ್ತ ಕಡೆ ಶಾಲೆಯ ಬಸ್ಸು ಗುರುಗುಟ್ಟುತ್ತಿತ್ತು. ಮಕ್ಕಳು ಒಬ್ಬೊಬ್ಬರಾಗಿ ಹತ್ತಿದರು.

ವಾಪಸ್ ಬರುವಾಗ ಮಗಳು ಅಪ್ಪನ ತೋಳು ಹಿಡಿದಿದ್ದಳು.

"ನಮ್ಮನೆ ಹೇಗೆ ಗೊತ್ತಾಗುತ್ತೆ ಅಪ್ಪ ನಿಂಗೆ?"

"ನಿನ್ನ ಗಂಡ ಸ್ನಾನ ಮಾಡ್ತಾ ಹಾಡ್ತಾನಲ್ಲ. ಇನ್ನೂರ ಹನ್ನೆರಡು ಮನೇಲಿ ಅಂಥ ಶ್ರುತಿ ಇನ್ನೊಂದಿಲ್ಲ."

ಅವಳು ನಕ್ಕು, ಮೂಗೊರೆಸಿಕೊಂಡು ಹೇಳಿದಳು: "ನಾಳೆಯಿಂದ ಪುಟ್ಟೀನ ನೀನೇ ಬಿಡು."

"ನಾಳೆ ಬಿಸಿಲು ಬಂದ್ರೆ?"

ಮರುದಿನ ಫಳಫಳ ಬಿಸಿಲೇ ಬಂತು. ತಾತ ಕಣ್ಣು ಮುಚ್ಚಿಕೊಂಡು ಗೇಟಿನತ್ತ ನಡೆದರು. ಅಂಗಿ ಹಿಡಿದ ಪುಟ್ಟಿಯ ಹಿಂದೆ ಹದಿನೆಂಟು ಮಕ್ಕಳು, ಅಷ್ಟೂ ಮಂದಿ ಕಣ್ಣು ಮುಚ್ಚಿ.