ಆಯಿ ಉತ್ತ ಹೊಲ

ಹೋದ ವಾರ ಸವಣೂರಿನಲ್ಲಿ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮುಗಿಸಿ ಮನೆಗೆ ಬರುವಾಗ ಎಣ್ಣೆ ಗಾಣದ ಮುಂದೆ ಒಂದು ಗಳಿಗೆ ನಿಂತೆ. ಒಳಗೆ ಯಾರಿಗೋ ಹರಳೆಣ್ಣೆ ಅಳೆದು ಕೊಡುತ್ತಿದ್ದರು. ಆ ಮಂದವಾದ, ತುಸು ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಆಯಿಯ ಅಂಗೈ ನೆನಪಾಯಿತು... ನನಗೆ ಎಣ್ಣೆ ಬೇಕಿರಲಿಲ್ಲ. ಆದರೂ ಅಲ್ಲಿಂದ ಕಾಲು ಕೀಳಲು ಹೊತ್ತಾಯಿತು.

ಆಯಿ ಎಂದರೆ ನನ್ನ ಅಜ್ಜನ ತಾಯಿ. ಹಿರೇಬೆಂಡಿಗೇರಿಯ ಆಚೆ, ಜಾಲಿಮುಳ್ಳು ಬಿಟ್ಟರೆ ಏನೂ ಬೆಳೆಯದ ದಿಬ್ಬವನ್ನು ಹೊಲ ಮಾಡಿದವಳು. ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಅವಳಿಗೆ ತೊಂಬತ್ತು ಹತ್ತಿರ ಬಂದಿತ್ತು. ಹಲ್ಲಿರಲಿಲ್ಲ, ಕಿವಿ ಮಾತ್ರ ಚುರುಕು. ಹಬ್ಬಕ್ಕೆ ಬಂದವರು ಕಾಲಿಗೆ ಬಿದ್ದು, "ನೂರು ತುಂಬಸ್ತೀರಿ ಬಿಡ್ರಿ" ಎಂದರೆ, "ಅಷ್ಟ್ಯಾಕಪ್ಪಾ, ಸಾಕಾಗೇತಿ" ಎಂದು ಗೋಡೆಗೆ ಒರಗುತ್ತಿದ್ದಳು. ಹೊಲದಿಂದ ಜೋಳದ ತೆನೆ ತಂದು ತೋರಿಸಿದರೂ ಕಣ್ಣೆತ್ತುತ್ತಿರಲಿಲ್ಲ. ಅಷ್ಟು ಕಷ್ಟಪಟ್ಟು ಮಾಡಿದ ಹೊಲಕ್ಕೆ ಅವಳು ಕಾಲಿಟ್ಟು ಎಷ್ಟೋ ವರ್ಷಗಳಾಗಿದ್ದವು. ಮುಪ್ಪು ಎಂದುಕೊಂಡಿದ್ದೆವು.

ದಿನಕ್ಕೆ ಅವಳದು ಒಂದೇ ಕೆಲಸ. ಸಂಜೆ ದೀಪ ಹಚ್ಚುವ ಮುಂಚೆ ಹರಳೆಣ್ಣೆಗೆ ಬೆಳ್ಳುಳ್ಳಿ ಹಾಕಿ ಬೆಚ್ಚಗೆ ಮಾಡಿಸಿ ಮಗಳನ್ನು ಕರೆಯುತ್ತಿದ್ದಳು. ಆ ಮಗಳು ಅಜ್ಜನ ಅಕ್ಕ. ಅಜ್ಜ ಕರೆದಂತೆ ಮನೆಮಂದಿಗೆಲ್ಲ, ಓಣಿಗೆಲ್ಲ ಅಕ್ಕ. ಅವಳಿಗೂ ಆಗಲೇ ಎಪ್ಪತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಬಲಗಡೆಯ ಹೆಗಲು ಎಡದ್ದಕ್ಕಿಂತ ನಾಲ್ಕು ಬೆರಳು ಕೆಳಗೆ ಇಳಿದಿತ್ತು. ಆಯಿ ನಡುಗುವ ಕೈಯಿಂದ ಆ ಹೆಗಲಿಗೆ ಎಣ್ಣೆ ತಿಕ್ಕುತ್ತಿದ್ದಳು. "ಸಾಕು ಬಿಡವ್ವಾ, ನಿನ್ನ ಕೈ ನೋಯ್ತಾವು" ಎಂದು ಅಕ್ಕ ಅಂದರೆ, "ಸುಮ್ಮ ಕುಂದ್ರು" ಎನ್ನುವಳು.

ನಾನು ಕಾಲೇಜು ಓದುತ್ತಿದ್ದ ವರ್ಷ ಶಿಗ್ಗಾವಿಯಿಂದ ಯಾವುದೋ ಸಂಘದ ಐದಾರು ಮಂದಿ ಬಂದರು. ಬರಡು ದಿಬ್ಬ ಉತ್ತ ಹೆಣ್ಣುಮಗಳು, ಇಷ್ಟು ವರ್ಷ ಬಾಳಿದ ಹಿರಿಯ ಜೀವ ಎಂದು ಆಯಿಗೆ ಸನ್ಮಾನ. ಶಾಲು ಬಿಚ್ಚಿದಾಗ ಅವಳು ಕೈ ಅಡ್ಡ ಹಿಡಿದಳು.

"ನನಗ ಬ್ಯಾಡ್ರಿ. ಅಕಿಗೆ ಹೊಚ್ಚರಿ" ಎಂದು, ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಕ್ಕನನ್ನು ತೋರಿಸಿದಳು.

ಬಂದವರು ಹಿರಿಯರ ದೊಡ್ಡತನ ಎಂದು ನಕ್ಕರು. ಶಾಲನ್ನು ಆಯಿಗೇ ಹೊದಿಸಿ, ಫೋಟೊ ತೆಗೆಸಿಕೊಂಡು ಹೋದರು.

"ಹಂಗ್ಯಾಕ ಅಂದಿ ಆಯಿ?" ಎಂದು ಆಮೇಲೆ ಕೇಳಿದೆ. ಆಗ ಹೇಳಿದಳು, ತುಂಡು ತುಂಡಾಗಿ, ನಡುನಡುವೆ ಉಸಿರು ಎಳೆದುಕೊಳ್ಳುತ್ತ...

ಗಂಡ ಹೆಂಡತಿ ಸೇರಿ ಎರಡು ಬೇಸಿಗೆ ಜಾಲಿಯ ಬೇರು ಕಿತ್ತು ದಿಬ್ಬ ಹಸನು ಮಾಡಿದ್ದರು. ಮೊದಲ ಬಿತ್ತನೆಗೆ ಮುಂಚೆಯೇ ಗಂಡ ಜ್ವರದಲ್ಲಿ ತೀರಿಕೊಂಡ. ಹನ್ನೆರಡರ ಮಗಳು, ತೊಟ್ಟಿಲಲ್ಲಿ ಮಗ. ನಡುವೆ ಹುಟ್ಟಿದವು ಉಳಿದಿರಲಿಲ್ಲ. ಆಯಿ ತಾನೇ ರಂಟೆ ಹಿಡಿದು ಉಳಲು ನಿಂತಳು. ಹೆಂಗಸು ರಂಟೆ ಮುಟ್ಟಿದರೆ ಮಳೆ ಹೋಗುತ್ತದೆ ಎಂದು ಊರವರು ಹೊಲಕ್ಕೇ ಬಂದು ಕೂಗಾಡಿದರು. ಅವಳು ಬಿಡಲಿಲ್ಲ. ಅದೇ ಸಿಟ್ಟಿಗೆ, ಜೋಡಿಯಲ್ಲಿ ಒಂದು ಎತ್ತು ಹಾವು ಕಡಿದು ಸತ್ತಾಗ, ಯಾರೂ ತಮ್ಮ ಎತ್ತು ಕೊಡಲಿಲ್ಲ. ಮಳೆ ಬಿದ್ದಿತ್ತು, ಮಣ್ಣಿನ ಹದ ಆರುತ್ತಿತ್ತು.

"ಮೂರು ದಿನ ಮನಿಮನಿ ತಿರುಗಿದೆ. ನಾಕನೇ ದಿನ ಅಕೀನ ಬಂದು ನೊಗಕ್ಕ ಹೆಗಲು ಕೊಟ್ಲು. ನಾ ಬ್ಯಾಡ ಅನ್ನಲಿಲ್ಲ... ಅನಬೇಕಿತ್ತು."

ಎರಡು ಮಳೆಗಾಲ ಹಾಗೆಯೇ ನಡೆಯಿತು. ಮೂರನೆಯ ವರ್ಷ ಇನ್ನೊಂದು ಎತ್ತು ಬಂತು, ನೆಲದೊಳಗಿನ ಹಗೇವು ಕಾಳಿನಿಂದ ತುಂಬಿತು, ಬೈದವರೇ ಬೀಜ ಕೇಳಿಕೊಂಡು ಬಂದರು. ಮಗಳ ಹೆಗಲು ಮಾತ್ರ ನೆಟ್ಟಗಾಗಲಿಲ್ಲ. ಹತ್ತಿಮತ್ತೂರಿನಿಂದ, ಹಾನಗಲ್ಲಿನಿಂದ ನೋಡಲು ಬಂದ ಗಂಡಿನವರು ಹೆಗಲು ಕಂಡು ಎದ್ದು ಹೋದರು.

"ಆ ಹೊಲಕ್ಕ ಹೋದ್ರ ನನಗ ಬೆಳಿ ಕಾಣಂಗಿಲ್ಲ. ಇಕಿ ಎತ್ತಿನ ಜೋಡಿ ಹೊಂಟಿದ್ದು ಕಾಣ್ತೇತಿ."

ಅಕ್ಕ ಒಳಗಿನಿಂದ ಕೇಳಿಸಿಕೊಂಡಿರಬೇಕು. ಚಹಾದ ಲೋಟ ಎತ್ತಿಕೊಳ್ಳಲು ಬಂದವಳು, "ಇನ್ನೂ ಅದನ್ನ ಹಿಡ್ಕೊಂಡು ಕುಂತಿಯೇನವ್ವಾ? ಹಸದಿದ್ವಿ, ಎಳದೆ" ಎಂದಳು. ಅಷ್ಟೇ ಅಂದು ಒಳಗೆ ಹೋದಳು.

ಮುಂದಿನ ವರ್ಷ ಅಕ್ಕನೇ ಮೊದಲು ಹೋದಳು. ಆಮೇಲೆ ಆಯಿ ಎಂಟು ತಿಂಗಳು ಇದ್ದಳು. ಸಂಜೆಯಾದರೆ ಎರಡೂ ಅಂಗೈ ಒಂದಕ್ಕೊಂದು ತಿಕ್ಕುತ್ತ ಒಳಬಾಗಿಲ ಕಡೆ ನೋಡುವಳು. ಒಂದು ಮಧ್ಯಾಹ್ನ ಗೋಡೆಗೆ ಒರಗಿದವಳು ಹಾಗೆಯೇ ಉಳಿದಳು...

ಈಗ ಆ ಹೊಲ ನಮ್ಮನಮ್ಮಲ್ಲಿ ಹಂಚಿಕೆಯಾಗಬೇಕು. ನಿನ್ನೆ ವಂಶಾವಳಿ ಬರೆಸಲು ಕಚೇರಿಗೆ ಹೋಗಿದ್ದೆ. ಆಯಿಯ ಹೆಸರು ಹೊಲದ ಹಳೆಯ ಉತಾರದಲ್ಲಿತ್ತು; ಗುಮಾಸ್ತರು ನೋಡಿ ಬರೆದುಕೊಂಡರು. ಅಜ್ಜನ ಹೆಸರು ಬರೆದರು.

"ಒಬ್ಬರ ಏನ್ರಿ ಮಕ್ಕಳು?"

"ಇಲ್ರಿ, ದೊಡ್ಡ ಮಗಳು ಒಬ್ಬಾಕಿ ಇದ್ಲು."

"ಹೆಸರು?"

ಹೇಳಲು ಬಾಯಿ ತೆರೆದೆ... ಗೊತ್ತಿರಲಿಲ್ಲ. ಅಪ್ಪನಿಗೆ ಫೋನ್ ಮಾಡಿದೆ.

"ಎಲ್ಲಾರೂ ಅಕ್ಕ ಅಂತಿದ್ವಿ. ಹೆಸರು ನಾ ಯಾವತ್ತೂ ಕೇಳಲೇ ಇಲ್ಲವ್ವಾ."

"ಅಕ್ಕ ಅಂತನ ಬರೀರಿ" ಎಂದೆ.

"ಅದು ಹೆಸರಲ್ರಿ ಬಾಯಾರ" ಎಂದರು ಗುಮಾಸ್ತರು, ಮೆಲ್ಲಗೆ. ಒಂದು ಸಾಲು ಖಾಲಿ ಬಿಟ್ಟು, ಕೆಳಗಿನ ಸಾಲಿಗೆ ಹೋದರು.