ಕಲಾವಿದೆಯ ಬಚ್ಚಲುಮನೆ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವರಿಗೆ ‘ಕಲಾವಿದೆ’ ಎಂದು ಹೆಸರಿತ್ತು. ಹಾಡಿದ್ದಕ್ಕಲ್ಲ, ಕುಣಿದಿದ್ದಕ್ಕೂ ಅಲ್ಲ. ಮೂವತ್ತೆರಡು ವರ್ಷ ಅಲ್ಲಿ ಮೇಲ್ವಿಚಾರಕಿಯಾಗಿದ್ದ ಆಕೆ ಹಾಲಿನಂಥ ಹಾಸಿಗೆ ಬಟ್ಟೆಯಲ್ಲೂ ಒಂದು ಕಲೆ ಹುಡುಕಿ ವಾಪಸು ಕಳಿಸುತ್ತಿದ್ದರು. ಕೆಲಸದವರು ಬೆನ್ನ ಹಿಂದೆ ಇಟ್ಟ ಈ ಹೆಸರನ್ನು ಆಕೆ ಬಿರುದೆಂದೇ ತಿಳಿದು, ನಿವೃತ್ತಿಯ ದಿನ ಭಾಷಣದಲ್ಲಿ ಹೇಳಿಕೊಂಡಿದ್ದೂ ಉಂಟು.

ಆಸ್ಪತ್ರೆ ಕೈಬಿಟ್ಟ ಮೇಲೆ ಆಕೆಯ ಕಣ್ಣು ಮನೆಯ ಬಚ್ಚಲಿನ ಮೇಲೆ ಬಿತ್ತು. ಪ್ರತಿ ಭಾನುವಾರ ಸ್ಟೂಲ್ ಹಾಕಿಕೊಂಡು ಕೂತು ಟೈಲ್ಸ್ ಸಂದುಗಳನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದರು. ಬೇರೆಯವರ ಮನೆಗಳಲ್ಲಿ ಸಂದಿನೊಳಗೆ ಕರಿ ಬೂಷ್ಟು ಬೇರುಬಿಟ್ಟು ಕೂತಿದ್ದರೆ, ಇಲ್ಲಿ ಎಲ್ಲ ಬೆಳ್ಳಗೆ. ಪಕ್ಕದ ಮನೆಯ ದರ್ಜಿಯನ್ನು ಒಳಗೆ ಕರೆದು ತೋರಿಸಿಯೂ ಇದ್ದರು. ಬೂಷ್ಟಿಗೂ ಆಳು ನೋಡಿ ಹೆದರುವ ಬುದ್ಧಿಯಿದೆ ಎಂಬುದು ಆಕೆಯ ಸಿದ್ಧಾಂತ.

ಬಸ್ ಓಡಿಸಿ ನಿವೃತ್ತರಾದ ಯಜಮಾನರ ಬಗ್ಗೆ ಮಾತ್ರ ಆಕೆಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಈ ಕಡೆಯ ಕಡ್ಡಿ ಎತ್ತಿ ಆ ಕಡೆ ಇಡದ ಮನುಷ್ಯ, ನನ್ನ ಸ್ನಾನವಾದ ಮೇಲೆ ಬಚ್ಚಲೊಳಗೆ ಹೋಗಿ ಕೆರೆಗಿಳಿದ ಎಮ್ಮೆಯ ಹಾಗೆ ಮುಕ್ಕಾಲು ಗಂಟೆ ಕೂರುತ್ತಾರೆ ಎಂದು ದರ್ಜಿಯ ಹೆಂಡತಿಯ ಹತ್ತಿರ ದೂರುತ್ತಿದ್ದರು.

ಈ ನಡುವೆ ಆಕೆಯ ಕಣ್ಣಿಗೆ ಪೊರೆ ಬಂದಿತ್ತು. ಒಪ್ಪುವವರು ಯಾರು? ಮಂಜು ಬಿದ್ದಿದೆ, ಬಲ್ಬು ಹಳೆಯದಾಗಿದೆ ಎಂದು ಎರಡು ವರ್ಷ ತಳ್ಳಿದರು. ಕೊನೆಗೊಂದು ದಿನ ಗೂಟಕ್ಕೆ ನೇತುಹಾಕಿದ್ದ ಕೋಟಿಗೆ ‘ಬನ್ನಿ, ಕೂತ್ಕೊಳ್ಳಿ’ ಎಂದು ಉಪಚಾರ ಹೇಳಿದ ಮೇಲೆ ಆಪರೇಷನ್ನಿಗೆ ಒಪ್ಪಿದರು.

ಕಣ್ಣು ಬಂತು. ಡಾಕ್ಟರು ಹೇಳಿದಷ್ಟು ದಿನ ವಿಶ್ರಾಂತಿ ಮುಗಿಸಿ ಆಕೆ ಮತ್ತೆ ಬ್ರಷ್ ಹಿಡಿದರು. ಎಂಟು ದಿನಕ್ಕೆ ಸಂದಿನಲ್ಲಿ ಕರಿ ಚುಕ್ಕಿ. ಉಜ್ಜಿದರು. ಮತ್ತೆ ಎಂಟು ದಿನಕ್ಕೆ ಚುಕ್ಕಿಗಳು ಸಂಸಾರ ಸಮೇತ ಬಂದಿದ್ದವು. ಕೈ ಅದೇ, ಬ್ರಷ್ ಅದೇ, ಪುಡಿ ಅದೇ. ಬದಲಾಗಿದ್ದು ಕಣ್ಣೊಂದೇ. ಹಾಗಾದರೆ ಕೆಟ್ಟಿರುವುದು ಹೊಸ ಕಣ್ಣೇ ಎಂದು ಆಕೆ ತೀರ್ಮಾನಿಸಿದರು. ಒಳಗೊಳಗೆ ದಿಗಿಲೂ ಇತ್ತು. ಕಣ್ಣು ಸರಿಯಿದ್ದರೆ ಕೈ ಸೋತಿದೆ ಎಂದಾಯಿತು, ಕೈಯೂ ಸೋತರೆ ತನ್ನ ಹತ್ತಿರ ಇನ್ನೇನು ಉಳಿಯಿತು?

ಯಜಮಾನರನ್ನು ಕರೆದುಕೊಂಡು ಮತ್ತೆ ಹೋದಾಗ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಬೋರ್ಡಿನ ಕೊನೆಯ ಸಾಲಿನವರೆಗೂ ಓದಿಸಿದರು. ಎಲ್ಲ ಸರಿಯಾಗಿತ್ತು.

“ಚುಕ್ಕಿ ಎಲ್ಲೆಲ್ಲಿ ಕಾಣ್ತವಮ್ಮಾ?”

“ಬಚ್ಚಲುಮನೇಲಿ. ಟೈಲ್ಸ್ ಸಂದಿನಲ್ಲಿ ಮಾತ್ರ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಪಕ್ಕದಲ್ಲಿ ಕೂತಿದ್ದ ಯಜಮಾನರು ಕಿವಿ ಕೆರೆದುಕೊಂಡರು. ಇನ್ನೂ ಸುಮ್ಮನಿದ್ದರೆ ಹೆಂಡತಿಯ ಕಣ್ಣು ಮತ್ತೆ ಕುಯ್ದಾರು ಎಂದು ಅವರಿಗೆ ಭಯ.

“ಅವಳ ಕಣ್ಣು ಸರಿಯಾಗೇ ಇದೆ ಡಾಕ್ಟ್ರೇ. ಎರಡು ವರ್ಷ ಅವಳು ಉಜ್ಜಿದ್ದು ಬರೀ ಟೈಲ್ಸು. ಸಂದು ನಾನು ಉಜ್ತಿದ್ದೆ. ದಿನಾ ಸ್ನಾನ ಆದ್ಮೇಲೆ ಕಿಟಕಿ ತೆಗೆದು, ಬಸ್ಸಿನ ಗಾಜು ಒರೆಸೋ ಹಾಗೆ ಗೋಡೆ ಒರೆಸಿ ಒಣಗಿಸ್ತಿದ್ದೆ. ಈಗ ಅವಳಿಗೇ ಕಾಣುತ್ತಲ್ಲ ಅಂತ ಬಿಟ್ಟೆ.”

ದಾರಿಯುದ್ದಕ್ಕೂ ಆಕೆ ಯಜಮಾನರಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದರು. ಅವಮಾನವಾಗಿತ್ತು, ಸಿಟ್ಟೂ ಬಂದಿತ್ತು. ಮನೆ ಬಾಗಿಲಿಗೆ ಬಂದ ಮೇಲೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು.

“ಬ್ರಷ್ ಹಿಡಿದು ಕೂತಾಗ ನೀನು ಖುಷಿಯಾಗಿರ್ತಿದ್ದೆ” ಎಂದರು ಯಜಮಾನರು, ಬೀಗ ತೆಗೆಯುತ್ತಾ.

ಊರವರ ಕಲೆಯನ್ನೆಲ್ಲ ಹುಡುಕಿದ ಕಲಾವಿದೆಗೆ ಮನೆಯೊಳಗಿನ ಕಲೆಗಾರ ಕಂಡಿರಲೇ ಇಲ್ಲ.

ಮರುದಿನ ಯಜಮಾನರು ಹತ್ತೇ ನಿಮಿಷಕ್ಕೆ ಸ್ನಾನ ಮುಗಿಸಿ ಹೊರಬಂದರು. ಬಾಗಿಲಲ್ಲಿ ಆಕೆ ನಿಂತಿದ್ದರು, ಕೈಯಲ್ಲಿ ಎರಡು ಒಣ ಬಟ್ಟೆ.

“ಇದೆಂಥಾ ಸ್ನಾನ? ಇನ್ನೂ ಮುಕ್ಕಾಲು ಗಂಟೆ ಆಗಿಲ್ಲ. ನಡೀರಿ ಒಳಗೆ, ನಾನೂ ಬರ್ತೀನಿ.”

ಒಳಗೆ ಹೋದ ಎರಡೇ ನಿಮಿಷಕ್ಕೆ, ಯಜಮಾನರು ಒರೆಸಿ ಮುಗಿಸಿದ ಕಡೆ, ಆಕೆಗೆ ಒಂದು ಕಲೆ ಸಿಕ್ಕಿತು.